ಹೊಡೆದವರ ಉಗುರು

ದೊಡ್ಡ ಟೀಚರ ಎಡ ಮುಂಗೈಯಲ್ಲಿ, ಗಡಿಯಾರ ಕಟ್ಟುವ ಜಾಗಕ್ಕಿಂತ ಸ್ವಲ್ಪ ಮೇಲೆ, ಅರ್ಧಚಂದ್ರಾಕಾರದಲ್ಲಿ ಸಣ್ಣ ಹಲ್ಲುಗಳ ಗುರುತು ಇತ್ತು. ಯಾವುದೋ ಕಾಲದಲ್ಲಿ ಒಂದನೇ ತರಗತಿಯ ಹುಡುಗನೊಬ್ಬ ಕಚ್ಚಿದ್ದನಂತೆ. ಬೇರೆಯವರಾಗಿದ್ದರೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರೋ ಏನೋ. ಇವರು ಮಾತ್ರ ಯಾರಾದರೂ ಕೇಳಿದರೆ ಕೈ ಮುಂದೆ ಚಾಚಿ, "ಆಗ ಅವನಿಗೆ ಎದುರಿನ ಹಲ್ಲು ಒಂದು ಬಿದ್ದಿತ್ತು. ನೋಡು, ಇಲ್ಲಿ ಸಂದು ಉಂಟು" ಎಂದು ಗುರುತಿನ ನಡುವಿನ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಿದ್ದರು. ಕಚ್ಚಿದ ಹುಡುಗನ ಮೇಲೆ ಇಷ್ಟು ವರ್ಷವಾದ ಮೇಲೂ ಅವರಿಗೆ ಒಂದು ತರಹದ ಅಕ್ಕರೆ.

ಉದ್ಯಾವರ ದಾಟಿ ಕಾಪುವಿನ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಶಾಲೆ. ನಾಲ್ಕು ತರಗತಿ, ಇಬ್ಬರು ಟೀಚರು. ಅವರು ಮುಖ್ಯೋಪಾಧ್ಯಾಯಿನಿ, ನಾನು ಹೊಸಬಳು. ಮಕ್ಕಳು ಅವರನ್ನು ದೊಡ್ಡ ಟೀಚರ್ ಎಂದೂ ನನ್ನನ್ನು ಸಣ್ಣ ಟೀಚರ್ ಎಂದೂ ಕರೆಯುತ್ತಿದ್ದರು. ಎತ್ತರದಲ್ಲಿ ನಾನು ಅವರಿಗಿಂತ ಒಂದು ಗೇಣು ಹೆಚ್ಚು. ಪ್ರಾರ್ಥನೆಗೆ ಅಕ್ಕಪಕ್ಕ ನಿಂತರೆ ಮಕ್ಕಳಿಗೆ ನಗು ಬರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಾರ್ಕಳದ ಕಡೆಯಿಂದ ಟ್ರೈನಿಂಗ್ ಮುಗಿಸಿ, ಸರ್ಟಿಫಿಕೇಟಿನ ಜೊತೆ ದೊಡ್ಡದೊಂದು ಜಂಬವನ್ನೂ ಹಿಡಿದುಕೊಂಡು ಬಂದಿದ್ದೆ. ಮಕ್ಕಳ ಮನಶ್ಶಾಸ್ತ್ರದಲ್ಲಿ ನಾನು ಇಡೀ ಬ್ಯಾಚಿಗೇ ಮೊದಲು. ಪ್ರಾಥಮಿಕ ಶಾಲೆಯ ಮಕ್ಕಳು ಹೊಡೆಯುವುದಕ್ಕೆ, ಕಚ್ಚುವುದಕ್ಕೆ, ದೂಡುವುದಕ್ಕೆ ಮಾನಸಿಕ ಕಾರಣ ಯಾವುವು, ಸಾಮಾಜಿಕ ಕಾರಣ ಯಾವುವು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಒಂದು ದಿನ ಆ ನೋಟ್ಸನ್ನು ಹೆಮ್ಮೆಯಿಂದ ದೊಡ್ಡ ಟೀಚರ ಮೇಜಿನ ಮೇಲಿಟ್ಟೆ. ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ಅವರು ಪೂರ್ತಿ ಓದಿದರು. "ಮನೆ ಉಂಟು, ನೆರೆಕರೆ ಉಂಟು, ಬಡತನ ಉಂಟು, ಕುಡಿತ ಉಂಟು, ಟೀವಿಯೂ ಉಂಟು" ಎಂದು ಬೆರಳು ಮಡಚಿದರು. ಆಮೇಲೆ, "ಟೀಚರ್ ಅಂತ ಒಂದು ಕಾರಣ ಇಲ್ಲವಲ್ಲ ಮಾರಾಯ್ತಿ ಇದರಲ್ಲಿ?" ಎಂದು ನಕ್ಕರು. ಬೆತ್ತ ಹಿಡಿಯುವ ಹಳೆಯ ಮಾಸ್ಟ್ರುಗಳ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ. ನಾನು ಬೆತ್ತ ಮುಟ್ಟುವವಳಲ್ಲ ಎಂಬ ಧೈರ್ಯ ನನಗಿತ್ತು.

ಅವರ ಸೊಂಟದಲ್ಲಿ ಬೀರುವಿನ ಕೀಲಿಕೈಗಳ ಜೊತೆ ಒಂದು ನೈಲ್ ಕಟರ್ ಯಾವಾಗಲೂ ಇರುತ್ತಿತ್ತು. ತಂಗಿಯ ಗಂಡ ದುಬೈಯಿಂದ ತಂದುಕೊಟ್ಟದ್ದು, ನಮ್ಮ ಕಡೆಯ ಕಟರಿಗಿಂತ ಎರಡು ಪಟ್ಟು ದೊಡ್ಡದು. ಸೋಮವಾರ ಪ್ರಾರ್ಥನೆಯಾದ ಮೇಲೆ ಮಕ್ಕಳ ಉಗುರು ನೋಡುವ ಪದ್ಧತಿ ಎಲ್ಲ ಶಾಲೆಗಳಲ್ಲೂ ಇತ್ತು. ಆದರೆ ದೊಡ್ಡ ಟೀಚರ ಕಟರ್ ಇದ್ದದ್ದು ಅದಕ್ಕಲ್ಲ. ಶಾಲೆಯಲ್ಲಿ ಯಾವ ಮಗು ಇನ್ನೊಂದು ಮಗುವಿಗೆ ಹೊಡೆದರೂ, ಪರಚಿದರೂ, ಅದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದು ಅವರ ಮೇಜಿಗೆ ಹೋಗಬೇಕು. ಅವರು ಹಳೆಯ ಪೇಪರ್ ಹಾಸಿ, ಆ ಮಗುವಿನ ಹತ್ತೂ ಉಗುರುಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದರು. ಶಿಕ್ಷೆ ಎಂದರೆ ಅಷ್ಟೇ.

ನನಗೆ ಮೊದಮೊದಲು ಇದು ತಮಾಷೆಯಾಗಿ ಕಂಡಿತ್ತು. ಹೊಡೆಸಿಕೊಂಡ ಮಗು ಹೊರಗೆ ಮೂಗು ಒರೆಸಿಕೊಳ್ಳುತ್ತಾ ನಿಂತಿದೆ, ಹೊಡೆದವನಿಗೆ ಒಳಗೆ ಇಷ್ಟು ಉಪಚಾರವೇ ಎಂದು ಕೇಳಿಯೂ ಬಿಟ್ಟಿದ್ದೆ.

"ಹೊಡೆಸಿಕೊಂಡವನಿಗೆ ಅಳಲಿಕ್ಕಾದರೂ ಉಂಟು. ಇವನಿಗೆ ಎಂತ ಉಂಟು?" ಎಂದರು.

ಒಂದು ಉಗುರಿಗೆ ಒಂದು ಪ್ರಶ್ನೆ, ಅದು ಅವರ ಲೆಕ್ಕ. ಹೆಬ್ಬೆರಳಿಗೆ, ಬೆಳಿಗ್ಗೆ ಎಂತ ತಿಂದೆ. ತೋರುಬೆರಳಿಗೆ, ಯಾರು ಬಡಿಸಿದ್ದು. ನಡುಬೆರಳಿಗೆ, ನಿನ್ನೆ ಯಾರ ಹತ್ತಿರ ಮಲಗಿದ್ದೆ. ಕೈ ಹಿಡಿದುಕೊಂಡಿರುವುದರಿಂದ ಮಗುವಿಗೆ ಓಡಿಹೋಗುವಂತಿಲ್ಲ, ಟೀಚರ ತಲೆ ಉಗುರಿನ ಮೇಲೆ ಬಗ್ಗಿರುವುದರಿಂದ ಅವರ ಕಣ್ಣು ನೋಡಬೇಕಾಗಿಯೂ ಇಲ್ಲ. ಎರಡನೇ ಕೈಗೆ ಬರುವಷ್ಟರಲ್ಲಿ ಎಂಥ ಹಠಮಾರಿಯ ಬಾಯಿಯೂ ಬಿಚ್ಚಿಕೊಳ್ಳುತ್ತಿತ್ತು. ಎರಡನೇ ತರಗತಿಯ ಒಬ್ಬ ಹುಡುಗ ಒಂದು ವಾರ ಕಂಡಕಂಡವರನ್ನೆಲ್ಲ ದೂಡಿದ. ಎಡಗೈಯ ಉಂಗುರ ಬೆರಳಿಗೆ ಬಂದಾಗ, ಗಲ್ಫಿನಿಂದ ರಜೆಗೆ ಬಂದಿದ್ದ ಅಪ್ಪ ತಾನು ಶಾಲೆಯಲ್ಲಿರುವ ಹೊತ್ತಿಗೆ ಹೇಳದೆ ವಿಮಾನ ಹತ್ತಿಬಿಟ್ಟಿದ್ದನ್ನು ಹೇಳಿದ. ಅಳುತ್ತಾನೆಂದು ಮನೆಯವರು ಉಪಾಯ ಮಾಡಿದ್ದರು. ನಾನು ಅವನ ಬಗ್ಗೆ 'ಅತಿಯಾದ ಮುದ್ದು' ಎಂದು ಬರೆದುಕೊಂಡಿದ್ದೆ.

ಮಂಗಳವಾರ ಮತ್ತು ಶುಕ್ರವಾರ ಉಗುರು ತೆಗೆಯಬಾರದೆಂದು ಊರಿನವರು ತಕರಾರು ಎತ್ತಿದಾಗ ದೊಡ್ಡ ಟೀಚರ್ ಅದಕ್ಕೂ ತಲೆಬಾಗಿದರು. ಆ ಎರಡು ದಿನ ಕಟರ್ ಹೊರಗೆ ಬರುತ್ತಿರಲಿಲ್ಲ, ಸುಮ್ಮನೆ ಕೈ ಹಿಡಿದುಕೊಂಡು ಪ್ರಶ್ನೆ ಕೇಳುತ್ತಿದ್ದರು. ಅದನ್ನು ಕಂಡುಕೊಂಡ ಒಂದಿಬ್ಬರು ಪೋಕರಿಗಳು ಮಂಗಳವಾರ ನೋಡಿಕೊಂಡೇ ಹೊಡೆಯಲು ಶುರುಮಾಡಿದರು. "ಅವರಿಗೆ ಕೈ ಹಿಡಿಸಿಕೊಳ್ಳಬೇಕಾಗಿರುತ್ತದೆ, ಬಿಡು" ಎಂದರು ದೊಡ್ಡ ಟೀಚರ್.

ಆ ಹುಡುಗಿ ನಮ್ಮ ಶಾಲೆಗೆ ಬಂದದ್ದು ಒಂದು ಜುಲೈ ತಿಂಗಳ ನಡುವಿನಲ್ಲಿ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದು ಬರೆದು ಅವಳಿಗೆ ನಾನು ಮಾಡಿದ್ದು ಸಾಕು. ಬಾಗಲಕೋಟೆಯ ಕಡೆಯವರು. ಹೆದ್ದಾರಿಯ ಬದಿಗೆ ಏಳುತ್ತಿದ್ದ ಫ್ಲ್ಯಾಟಿನ ಕೆಲಸಕ್ಕೆ ಬಂದು, ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಅಪ್ಪ ಗಾರೆ ಕೆಲಸ, ಅಮ್ಮ ಜಲ್ಲಿ ಹೊರುವುದು, ಕಂಕುಳಲ್ಲಿ ಒಂದು ಕೂಸು. ವಯಸ್ಸು ನೋಡಿ ಅವಳನ್ನು ಮೂರನೇ ತರಗತಿಯಲ್ಲಿ, ಅಂದರೆ ನನ್ನ ಕೈಕೆಳಗೆ ಕೂರಿಸಿದರು. ಓದಲು ಬರುತ್ತಿರಲಿಲ್ಲ. ಅಲ್ಲಿ ಆರು ತಿಂಗಳು, ಇಲ್ಲಿ ನಾಲ್ಕು ತಿಂಗಳು ಎಂದು ಊರೂರು ಅಲೆದ ಮಗು ಅದು.

ಓದು ಹಿಡಿದದ್ದು ಮಾತ್ರ ನೋಡುವ ಹಾಗಿತ್ತು. ಗಣೇಶ ಚೌತಿಯ ಹೊತ್ತಿಗೆ ಕಾಗುಣಿತ, ನವರಾತ್ರಿಗೆ ಒತ್ತಕ್ಷರ, ದೀಪಾವಳಿಗೆ ಪೂರ್ತಿ ಪಾಠ. ದಾರಿಬದಿಯ ಬೋರ್ಡು, ಬಸ್ಸಿನ ಹಣೆ, ಕಡಲೆ ಕಟ್ಟಿದ ಪೇಪರ್, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಗೊತ್ತಾಗದ ಅಕ್ಷರ ಬಂದಾಗ ಕೆಲವು ಮಕ್ಕಳು ಊಹಿಸಿ ಏನೋ ಒಂದು ಓದಿಬಿಡುತ್ತಾರೆ. ನಾನು ಅದನ್ನು ಬಿಡುತ್ತಿರಲಿಲ್ಲ. "ಬರೆದದ್ದನ್ನು ಬರೆದ ಹಾಗೇ ಓದಬೇಕು. ಬಿಡಬಾರದು, ಸೇರಿಸಬಾರದು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅವಳು ಆ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದಳು.

ಹೊಡೆಯುವುದರಲ್ಲೂ ಅವಳೇ ಮುಂದೆ. ಪಕ್ಕದಲ್ಲಿ ಕುಳಿತವಳ ತೋಳು ಕಚ್ಚಿದಳು, ನೀರಿನ ಸಾಲಿನಲ್ಲಿ ಒಬ್ಬನನ್ನು ದೂಡಿ ಮೊಣಕಾಲು ಒಡೆದಳು, ಸ್ಲೇಟಿನ ಅಂಚಿನಿಂದ ಇನ್ನೊಬ್ಬನ ಹಣೆಗೆ ಕುಟ್ಟಿದಳು. ಸುಮ್ಮನೆ ಹೊಡೆದಳೇ? ಇಲ್ಲ. ಘಟ್ಟದ ಮೇಲಿನ ಊರಿನವಳೆಂದು ಮಕ್ಕಳು ಅವಳನ್ನು 'ಘಟ್ಟದವಳು' ಎಂದು ಕರೆದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವಳು ಕುಳಿತ ಬೆಂಚಿನಲ್ಲಿ ಮಕ್ಕಳು ಸರಿದು ಸರಿದು ಕೊನೆಗೆ ಹೋಗಿ ಬೀಳುತ್ತಿದ್ದರು. ರೊಟ್ಟಿ ಕಟ್ಟಿದ ಬಟ್ಟೆಯನ್ನು ಕಾಲಿನಿಂದ ಒದ್ದು ಆಟವಾಡಿದ್ದನ್ನು ನಾನೇ ನೋಡಿ ಗದರಿಸಿದ್ದೇನೆ. ಆದರೆ ಗದರಿಕೆ ಅವರ ಪಾಲಿಗೆ, ದೂರು ಇವಳ ಪಾಲಿಗೆ ಹೋಗುತ್ತಿತ್ತು. ಗಾಯ ಆಗುತ್ತಿದ್ದದ್ದು ಅವರಿಗೆ ತಾನೇ.

ಊರಿನ ತಾಯಂದಿರು ಗುಂಪಾಗಿ ಬಂದರು. "ನಮ್ಮ ಮಕ್ಕಳು ಎಂತ ಕಚ್ಚಿಸಿಕೊಳ್ಳಲಿಕ್ಕೆ ಶಾಲೆಗೆ ಬರುವುದಾ ಟೀಚರ್? ಅದಕ್ಕೆ ಟೀಸಿ ಕೊಟ್ಟು ಕಳಿಸಿ" ಎಂದರು. ದೊಡ್ಡ ಟೀಚರ್ ಎಲ್ಲರಿಗೂ ಕುರ್ಚಿ ಹಾಕಿಸಿ, ಎಲ್ಲರ ಮಾತೂ ಕೇಳಿ, ಕೊನೆಗೆ "ಟೀಸಿ ಕೊಟ್ಟರೆ ಇನ್ನೊಂದು ಶಾಲೆಯ ಮಕ್ಕಳನ್ನು ಕಚ್ಚುತ್ತಾಳೆ, ಅಷ್ಟೇ ಅಲ್ವಾ? ಅವರೂ ಮಕ್ಕಳೇ" ಎಂದರು. ಟೀಸಿ ಕೊಡಲಿಲ್ಲ. ಬೈಸಿಕೊಂಡರು.

ನಾನು ಮಾತ್ರ ನನ್ನ ಕಲಿಕೆಯ ಪ್ರಕಾರ ನಡೆದೆ. ಹೊಡೆಯಲಿಲ್ಲ, ಬೈಯಲಿಲ್ಲ, ಮನೆಯ ಸಹಕಾರ ಕೋರಿದೆ. ದೀಪಾವಳಿ ಕಳೆದ ಮೇಲೆ ಅವಳ ಕನ್ನಡ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ಕಳಿಸತೊಡಗಿದೆ. 'ನಿಮ್ಮ ಮಗಳು ಇಂದು ಸಹಪಾಠಿಯ ತೋಳು ಕಚ್ಚಿದ್ದಾಳೆ. ಮನೆಯಲ್ಲಿ ಬುದ್ಧಿ ಹೇಳಿ. ಓದಿ ಸಹಿ ಮಾಡಿ ಕಳುಹಿಸಿ.' ಮರುದಿನ ಪುಸ್ತಕ ತಪ್ಪದೆ ವಾಪಸು ಬರುತ್ತಿತ್ತು. ಕೆಳಗೆ ಪೆನ್ನಿನ ಶಾಯಿ ಬಳಿದು ಒತ್ತಿದ ಹೆಬ್ಬೆಟ್ಟು. ಮನೆಯವರಿಗೆ ತಿಳಿಸಿದ್ದೇನೆ ಎಂಬ ನೆಮ್ಮದಿಯಲ್ಲಿ ನಾನು ಅದರ ಪಕ್ಕ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಿದ್ದೆ. ಹೆಬ್ಬೆಟ್ಟು ಒತ್ತುವವನಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ನನಗೆ ಬೇಡವಾಗಿತ್ತೋ, ಇವತ್ತಿಗೂ ಹೇಳಲಾರೆ.

ಕಚ್ಚುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನಾನು ಇನ್ನೂ ಬರೆದೆ.

ಕ್ರಿಸ್ಮಸ್ ರಜೆಗೆ ಸ್ವಲ್ಪ ಮೊದಲು, ಒಂದು ಬುಧವಾರ. ದೊಡ್ಡ ಟೀಚರ ಮೇಜಿನಲ್ಲಿ ಅವಳ ಉಗುರು ಕತ್ತರಿಸುವುದು ನಡೆದಿತ್ತು. ನಾನು ಪಕ್ಕದಲ್ಲೇ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಬಲಗೈಯ ನಡುಬೆರಳಿಗೆ ಬಂದಾಗ ಕಟರಿನ ಶಬ್ದ ನಿಂತಿತು.

"ಈ ಉಗುರು ಯಾಕೆ ಕಪ್ಪಾದದ್ದು?"

"ಬಾಗಲಾ ಬಡೀತ್ರಿ."

"ಬಾಗಿಲು ಬಡಿದರೆ ಮೊಣಕೈ ತನಕ ಬಾಸುಂಡೆ ಬರುತ್ತದಾ?" ದೊಡ್ಡ ಟೀಚರ್ ತಲೆ ಎತ್ತಲಿಲ್ಲ. ಮುಂದಿನ ಬೆರಳು ಹಿಡಿದುಕೊಂಡರು. "ಯಾರು ಹೊಡೆದದ್ದು ಮಗಾ?"

"ಅಪ್ಪ ಬಡದಾನ್ರಿ."

"ಯಾಕೆ?"

"ಓದಿದೆ ಅಲ್ರಿ, ಅದಕ್ಕ."

"ಎಂತ ಓದಿದೆ?"

"ಅಕ್ಕೋರು ಬರದಿದ್ದು." ಅಕ್ಕೋರು ಎಂದರೆ ನಾನು. ಅವರ ಕಡೆ ಟೀಚರನ್ನು ಹಾಗೆ ಕರೆಯುತ್ತಾರೆ. "ನಮ್ಮ ಮನ್ಯಾಗ ಯಾರಿಗೂ ಓದಾಕ ಬರಂಗಿಲ್ಲ. ನನಗೊಬ್ಬಾಕಿಗೇ ಬರತೈತಿ." ಅವಳ ದನಿಯಲ್ಲಿ ಹೆಮ್ಮೆ ಇತ್ತು.

"ಪೂರ್ತಿ ಓದುತ್ತೀಯಾ?" ದೊಡ್ಡ ಟೀಚರ ದನಿ ತೀರಾ ಸಣ್ಣದಾಗಿತ್ತು. "ಕಚ್ಚಿದ್ದು, ದೂಡಿದ್ದು, ಎಲ್ಲ?"

"ಹೂನ್ರಿ. ಬರದಿದ್ದು ಬರದಂಗ ಓದಬೇಕು, ಬಿಡಬಾರದು ಅಂದಾರಲ್ರಿ ಅಕ್ಕೋರು" ಎಂದು ಅವಳು ನನ್ನ ಕಡೆ ನೋಡಿದಳು. ಸರಿಯಾದ ಉತ್ತರ ಹೇಳಿದ ಮಗು ಟೀಚರ ಮುಖ ನೋಡುವ ಹಾಗೆ ನೋಡಿದಳು.

ದೊಡ್ಡ ಟೀಚರ್ ಉಳಿದ ಉಗುರುಗಳನ್ನೂ ಕತ್ತರಿಸಿ ಮುಗಿಸಿದರು. ಒಂದೂ ಪ್ರಶ್ನೆ ಕೇಳಲಿಲ್ಲ. ಅವಳನ್ನು ಆಟಕ್ಕೆ ಕಳಿಸಿ, ಚೂರುಗಳಿದ್ದ ಪೇಪರನ್ನು ಮಡಚುತ್ತಾ ಕುಳಿತರು. ನಾನು ಎದ್ದು ಅವಳ ಚೀಲದಿಂದ ಪುಸ್ತಕ ತೆಗೆದು ಹಿಂದಿನ ಹಾಳೆಗಳನ್ನು ಎಣಿಸಿದೆ. ಹದಿನಾಲ್ಕು ಹೆಬ್ಬೆಟ್ಟು. ಹದಿನಾಲ್ಕು ಸಂಜೆ ಆ ಮಗು ತನ್ನ ಮೇಲಿನ ದೂರನ್ನು ತಾನೇ ಗಟ್ಟಿಯಾಗಿ ಓದಿ, ಪೆಟ್ಟು ತಿಂದು, ಮರುದಿನ ಆ ಪೆಟ್ಟನ್ನು ನನ್ನ ತರಗತಿಗೆ ಹೊತ್ತು ತಂದು ಹಂಚಿತ್ತು. ಅದನ್ನು ನೋಡಿ ನಾನು ಮತ್ತೆ ಬರೆದಿದ್ದೆ. ಬೆತ್ತ ಮುಟ್ಟದವಳು ಎಂಬ ನನ್ನ ಜಂಬ ಅಲ್ಲಿಗೆ ಮುಗಿಯಿತು.

ನಾನು ಅತ್ತೆ. ದೊಡ್ಡ ಟೀಚರ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪುಸ್ತಕದಲ್ಲಿ ಖಾಲಿ ಹಾಳೆ ತೆರೆದು ನನ್ನ ಮುಂದಿಟ್ಟು, "ಪೆನ್ನು ತೆಗಿ" ಎಂದರು. "ಕೆಟ್ಟದ್ದು ಹದಿನಾಲ್ಕು ಬರೆದಿದ್ದಿ. ಈಗ ಒಳ್ಳೆಯದು ಬರಿ. ಓದುವುದು ಅವಳೇ ಅಲ್ವಾ, ಅವಳ ಬಾಯಿಂದ ಅವಳ ಅಪ್ಪ ಒಂದು ಒಳ್ಳೆಯ ಮಾತು ಕೇಳಲಿ."

ಅವರು ಹೇಳಿದರು, ನಾನು ಬರೆದೆ. 'ನಿಮ್ಮ ಮಗಳು ಇಡೀ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಾಳೆ. ಅವಳು ಬುದ್ಧಿವಂತೆ. ಅವಳಿಗೆ ಹೊಡೆಯಬೇಡಿ.' ಸಂಜೆ ಪುಸ್ತಕ ಕೈಗೆ ಕೊಡುವಾಗ ಅವಳು ಅಲ್ಲೇ ತೆರೆದು ಓದಿದಳು. ಎರಡು ಸಲ ಓದಿದಳು. ಪುಸ್ತಕವನ್ನು ಚೀಲಕ್ಕೆ ಹಾಕಲಿಲ್ಲ, ಎದೆಗೆ ಹಿಡಿದುಕೊಂಡು ಹೆದ್ದಾರಿಯ ಕಡೆಗೆ ಓಡಿದಳು. ದೊಡ್ಡ ಟೀಚರ್ ಮೆಟ್ಟಿಲಲ್ಲಿ ನಿಂತು ಅವಳು ರಸ್ತೆ ದಾಟುವವರೆಗೂ ನೋಡಿದರು. ಅವರು ಅಷ್ಟು ಖುಷಿಯಾಗಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶನಿವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳ ಅಪ್ಪ ಬಂದ. ಸಣಕಲು ಮನುಷ್ಯ, ಕಾಲಿಗೆ ಒಣಗಿದ ಸಿಮೆಂಟು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಆ ಕೊನೆಯ ಹಾಳೆ ತೆರೆದು ದೊಡ್ಡ ಟೀಚರ ಮುಂದೆ ಹಿಡಿದ.

"ಅಕ್ಕೋರ, ಇದರಾಗ ಏನ್ ಬರದೀರಿ, ಅದನ್ನ ನೀವ ಒಂದ್ ಸಲ ಓದ್ರಿ."

ದೊಡ್ಡ ಟೀಚರ್ ಓದಿದರು. ಅವನು ತಲೆ ಬಗ್ಗಿಸಿ ಕೇಳಿದ.

"ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದರು.

"ಹಂಗಾರ ಆಕಿ ಖರೇನ ಓದ್ಯಾಳ" ಎಂದು ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ದಿನಾ ಬಂದು ಕಚ್ಚಿದ್ಲು, ದೂಡಿದ್ಲು ಅಂತ ಓದಾಕಿ. ಅವತ್ತು ನಕ್ಕೋತ ಬಂದು, ನಾನ ಎಲ್ಲಾರಕಿಂತ ಶಾಣೆ, ಹೊಡೀಬ್ಯಾಡ ಅಂತ ಬರದಾರ ಅಂದ್ಲು. ಪೆಟ್ಟು ತಪ್ಪಿಸ್ಕೊಳ್ಳಾಕ ತಾನ ಕಟ್ಟಿ ಹೇಳ್ತಾಳ ಅನ್ಕೊಂಡ್ನಿ. ಸುಳ್ಳು ಕಲಿಯಾಕ ಸಾಲಿಗೆ ಕಳಸೇನೇನು ಅಂತ ಸಿಟ್ಟು ಬಂತ್ರಿ. ಆಕಿ ಬೆರಳಿಟ್ಟು ಇಲ್ಲೈತಿ, ಇಲ್ಲೈತಿ ಅಂತ ತೋರಸಾಕತ್ತಿದ್ಲು. ನನಗೇನ್ ತಿಳಿತೈತ್ರಿ ಅದು?"

ಎಷ್ಟು ಹೊಡೆದಿದ್ದನೋ ಅವನು ಹೇಳಲಿಲ್ಲ, ನಾವು ಕೇಳುವ ಧೈರ್ಯ ಮಾಡಲಿಲ್ಲ. ಅವಳು ಆ ಸಂಜೆಯಿಂದ ಬಾಯಿ ಬಿಟ್ಟಿಲ್ಲ ಎಂದಷ್ಟೇ ಹೇಳಿದ. ಅವನನ್ನು ರಾಕ್ಷಸ ಎಂದುಕೊಂಡು ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಅದಕ್ಕೂ ಅವಕಾಶ ಕೊಡಲಿಲ್ಲ. ಹಿಂದಿದ್ದ ಊರಿನಲ್ಲಿ ಜಗಳ ಮಾಡುತ್ತಾಳೆಂದು ಅವಳನ್ನು ಶಾಲೆಯಿಂದ ಬಿಡಿಸಿದ್ದರಂತೆ. ಇಲ್ಲಿಯೂ ಹೊರಗೆ ಹಾಕಿಬಿಟ್ಟರೆ ತನ್ನ ಹಾಗೆ ಹೆಬ್ಬೆಟ್ಟಾಗಿ ಉಳಿಯುತ್ತಾಳೆ ಎಂಬ ಹೆದರಿಕೆಗೇ ಹೊಡೆಯುತ್ತಿದ್ದನಂತೆ. ಅವಳು ಓದಬೇಕು ಎಂದು ನನಗಿದ್ದ ಆಸೆಯೇ ಅವನಿಗೂ ಇತ್ತು.

"ಸೋಮವಾರ ಕರೆದುಕೊಂಡು ಬಾ. ನಾನು ಅವಳ ಹತ್ತಿರ ಮಾತಾಡುತ್ತೇನೆ" ಎಂದರು ದೊಡ್ಡ ಟೀಚರ್.

"ಇಲ್ಲಿ ಕೆಲಸ ಮುಗೀತ್ರಿ. ನಾಳೆ ನಿಟ್ಟೆಗೆ ಹೊಂಟೀವಿ. ಅಲ್ಲಿ ಹಾಸ್ಟೆಲ್ ಕಟ್ಟಾಕತ್ಯಾರ" ಎಂದು ಎದ್ದು, ಪುಸ್ತಕ ಕೇಳಿ ತೆಗೆದುಕೊಂಡು ಹೋದ. ದೊಡ್ಡ ಟೀಚರ್ ಮಧ್ಯಾಹ್ನ ಶೆಡ್ಡಿಗೆ ಹೋದಾಗ ಪಾತ್ರೆ ಪಡಗವೆಲ್ಲ ಲಾರಿಗೆ ಏರಿ, ಅವರು ಹೊರಟುಹೋಗಿದ್ದರು. ಕಂಟ್ರಾಕ್ಟರ್ ಒಂದು ದಿನ ಮೊದಲೇ ಕರೆದೊಯ್ದಿದ್ದ.

ರಜೆ ಮುಗಿದು ಶಾಲೆ ತೆರೆದ ಮೇಲೆ ದೊಡ್ಡ ಟೀಚರ್ ಭಾನುವಾರ ಭಾನುವಾರ ನಿಟ್ಟೆಗೆ ಹೋಗತೊಡಗಿದರು. ಉಡುಪಿಗೆ ಹೋಗಿ ಕಾರ್ಕಳದ ಬಸ್ಸು, ಅಲ್ಲಿಂದ ಇನ್ನೊಂದು. ಆಗಲೇ ಅವರಿಗೆ ಮೊಣಕಾಲು ನೋವು. ನಾನೂ ಬರುತ್ತೇನೆ ಎಂದರೆ ಬೇಡ ಎಂದರು. ಸೋಮವಾರ ಬಂದ ಕೂಡಲೇ ನಾನು ಕೇಳುತ್ತಿದ್ದೆ, "ಸಿಕ್ಕಿದಳಾ?" ಎಂದು. "ಇಲ್ಲ" ಎನ್ನುತ್ತಿದ್ದರು. ಮೂರನೇ ಸೋಮವಾರ, "ಅಲ್ಲಿ ಅವರಿಲ್ಲ. ಬೇರೆ ಕಡೆ ಹೋಗಿದ್ದಾರಂತೆ. ಇನ್ನು ಕೇಳಬೇಡ" ಎಂದರು. ಆಮೇಲೆ ಹೋಗಲಿಲ್ಲ.

ಊರಿನವರಿಗೆ ಸಂತೋಷವಾಯಿತು. "ಈಗ ಶಾಲೆ ಶಾಂತ ಉಂಟು ಅಲ್ವಾ ಟೀಚರ್?" ಎಂದು ಒಬ್ಬ ತಾಯಿ ದೊಡ್ಡ ಟೀಚರ ಮುಂದೆಯೇ ಹೇಳಿದಳು. ಶಾಂತವೇನೂ ಇರಲಿಲ್ಲ. ಆ ಹುಡುಗಿಯಿಂದ ಹೆಚ್ಚು ಕಚ್ಚಿಸಿಕೊಂಡಿದ್ದ ಆ ತಾಯಿಯ ಮಗಳೇ ಒಂದು ತಿಂಗಳೊಳಗೆ ಒಂದನೇ ತರಗತಿಯ ಸಣ್ಣ ಮಕ್ಕಳನ್ನು ಹಿಡಿದು ಕಚ್ಚಲು ಶುರುಮಾಡಿದ್ದಳು.

ದೊಡ್ಡ ಟೀಚರ್ ಉಗುರು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಪ್ರಶ್ನೆ ಕೇಳುವುದನ್ನು ಬಿಟ್ಟರು. ಹತ್ತು ಉಗುರಿಗೆ ಹತ್ತು ಸಲ ಕಟರಿನ ಶಬ್ದ, ಅಷ್ಟೇ. ಮಕ್ಕಳೇ ಏನಾದರೂ ಹೇಳಹೊರಟರೂ "ಆಯಿತು, ಹೋಗು" ಎನ್ನುತ್ತಿದ್ದರು. ಏನು ಕಾರಣ ಎಂದು ತಿಳಿದುಕೊಂಡರೆ ಏನಾದರೂ ಮಾಡಬಹುದು ಎಂಬುದು ಅವರ ಇಡೀ ನಂಬಿಕೆಯಾಗಿತ್ತು. ಆ ನಂಬಿಕೆ ಅವರಿಂದ ಹೋಗಿಬಿಟ್ಟಿತ್ತು. ಕೊನೆಯ ಮಾತು ಬರೆಸಿದ್ದು ತಾವೇ ಎಂಬುದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಮರೆಯಲೂ ಇಲ್ಲ. ನಿವೃತ್ತಿಯ ದಿನ ಊರಿನವರು ಶಾಲು ಹೊದಿಸಿ ಹೊಗಳಿದಾಗ, ಯಾರದೋ ಸಭೆಗೆ ಬಂದವರ ಹಾಗೆ ಕುಳಿತಿದ್ದರು.

ಅವರಿಗೆ ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅಂಬಲಪಾಡಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಮಣಿಪಾಲದಲ್ಲಿ ತೋರಿಸಿ, ಇನ್ನು ಮಾಡುವುದೇನಿಲ್ಲ ಎಂದು ಮನೆಗೆ ಕರೆತಂದ ಮೇಲೆ, ದಸರಾ ರಜೆಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ನಾನು ನೋಡಲು ಹೋದೆ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಮಂಚದ ಮೇಲೆ ಒಂದು ಹಿಡಿಯಷ್ಟಾಗಿದ್ದರು. ಕೈ ಹಿಡಿದುಕೊಂಡಾಗ ಮೊದಲು ಕಂಡದ್ದು ಉಗುರು. ಜೀವಮಾನವೆಲ್ಲ ಊರ ಮಕ್ಕಳ ಉಗುರು ಕತ್ತರಿಸಿದವರ ಉಗುರು ಅಷ್ಟುದ್ದ ಬೆಳೆದಿತ್ತು.

ಕೀಲಿಕೈ ಗೊಂಚಲು ಕಿಟಕಿಯ ಮೊಳೆಯಲ್ಲಿ ನೇತಾಡುತ್ತಿತ್ತು. ನಾನು ಕಟರ್ ತೆಗೆದೆ. ಅವರ ತಂಗಿ, "ಇವತ್ತು ಶುಕ್ರವಾರ, ಬೇಡ" ಎಂದರು.

"ನನಗೆ ಇನ್ನು ಎಂತ ಶುಕ್ರವಾರ, ಕತ್ತರಿಸಲಿ" ಎಂದರು ದೊಡ್ಡ ಟೀಚರ್.

ನಾನು ಪೇಪರ್ ಹಾಸಿ ಹೆಬ್ಬೆರಳು ಹಿಡಿದುಕೊಂಡೆ. ನಗಿಸೋಣ ಎಂದು, "ಬೆಳಿಗ್ಗೆ ಎಂತ ತಿಂದಿರಿ?" ಎಂದು ಕೇಳಿದೆ. "ಗಂಜಿ" ಎಂದು ನಕ್ಕರು. "ಯಾರು ಬಡಿಸಿದ್ದು?" "ತಂಗಿ." ಹೀಗೇ ಒಂದು ಕೈ ಮುಗಿಯಿತು. ಎರಡನೇ ಕೈಗೆ ಬಂದಾಗ, ಆ ಹಲ್ಲಿನ ಗುರುತಿದ್ದ ಕೈ ಅದು, ನಾನು ಪ್ರಶ್ನೆ ಕೇಳುವ ಮೊದಲೇ ಅವರು ಹೇಳಿದರು.

"ಅವಳು ಸಿಕ್ಕಿದ್ದಳು."

ಯಾರು ಎಂದು ಕೇಳಬೇಕಾಗಿರಲಿಲ್ಲ. ನನ್ನ ಕೈ ನಿಂತಿತು. "ನಿಲ್ಲಿಸಬೇಡ, ಕತ್ತರಿಸು" ಎಂದರು. ನಾನು ತಲೆ ಬಗ್ಗಿಸಿಕೊಂಡು ಕತ್ತರಿಸಿದೆ. ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು.

"ಮೂರನೇ ಭಾನುವಾರ ಸಿಕ್ಕಿದಳು. ಜಲ್ಲಿ ರಾಶಿಯ ಮೇಲೆ ತಮ್ಮನನ್ನು ಕೂರಿಸಿಕೊಂಡು ಇದ್ದಳು. ನಾನು ಮೂರನೇ ಕ್ಲಾಸಿನ ಕನ್ನಡ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಕೈಯಲ್ಲಿಟ್ಟು ಓದು ಮಗಾ ಅಂದೆ. ತಲೆಕೆಳಗಾಗಿ ಹಿಡಿದುಕೊಂಡಳು. ನನಗ ಓದಾಕ ಬರಂಗಿಲ್ರಿ ಅಂದಳು."

ನಾನು ಮುಂದಿನ ಬೆರಳು ಹಿಡಿದುಕೊಂಡೆ.

"ಈಗ ಯಾರಿಗಾದರೂ ಹೊಡೆಯುತ್ತೀಯಾ ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿದಳು. ನಿಜವೇ ಮಾರಾಯ್ತಿ. ಆ ಕೂಸು ಅವಳ ಜಡೆ ಹಿಡಿದು ಎಳೆಯುತ್ತಿತ್ತು, ಮುಖಕ್ಕೆ ಹೊಡೆಯುತ್ತಿತ್ತು. ಸುಮ್ಮನೆ ಕುಳಿತಿದ್ದಳು. ಊರವರಿಗೆಲ್ಲ ಹೇಗೆ ಬೇಕಿತ್ತೋ ಹಾಗೆ ಆಗಿದ್ದಳು. ಉಗುರು ಆದರೂ ತೆಗೆಯುವ ಅಂತ ಕೈ ಹಿಡಿದುಕೊಂಡೆ. ಉಗುರೇ ಇಲ್ಲ. ಜಲ್ಲಿ ಹೆಕ್ಕಿ ಹೆಕ್ಕಿ ಸವೆದುಹೋಗಿತ್ತು. ನಾನು ಕಟರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ."

"ಅಪ್ಪನ ಹತ್ತಿರ ಮಾತಾಡಿದಿರಾ?"

"ಮಾತಾಡಿದೆ. ಅಲ್ಲಿಯ ಶಾಲೆಯ ಟೀಚರ ಮನೆಗೂ ಕರೆದುಕೊಂಡು ಹೋದೆ, ಸೇರಿಸಿಕೊಳ್ಳಿ ಅಂತ ಹೇಳಿ ಬಂದೆ. ಮುಂದಿನ ವಾರ ಪತ್ರ ಹಾಕಿದರು ಅವರು, ಮಗು ಬಾಯಿ ಬಿಡುವುದಿಲ್ಲ, ಎರಡು ದಿನ ಬಂದು ನಿಲ್ಲಿಸಿತು ಅಂತ. ಆಮೇಲೆ ಅಲ್ಲಿಂದಲೂ ಹೋದರು."

"ನನಗೆ ಯಾಕೆ ಹೇಳಲಿಲ್ಲ ಟೀಚರ್?"

ಕಿರುಬೆರಳಿನ ಉಗುರೂ ಮುಗಿಯಿತು.

"ನೀನು ಇನ್ನೂ ಇಪ್ಪತ್ತೈದು ವರ್ಷ ಪಾಠ ಮಾಡಬೇಕಿತ್ತಲ್ಲ ಮಾರಾಯ್ತಿ" ಎಂದರು. "ಇಬ್ಬರಿಗೂ ಆಗುವುದು ಬೇಡ ಅಂತ."

ಅವರು ಹೋದದ್ದು ಅದಾಗಿ ಹನ್ನೆರಡು ದಿನಕ್ಕೆ. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು ಎಂದು ತಂಗಿ ಹೇಳಿದರು. ಆ ಭಾರವನ್ನು ಅವರೊಬ್ಬರೇ ಹೊತ್ತುಕೊಂಡಿದ್ದಕ್ಕೆ ನಾನು ಟೀಚರಾಗಿ ಉಳಿದೆ. ಆ ಋಣ ತೀರುವಂಥದ್ದಲ್ಲ. ಮಕ್ಕಳು ಈಗಲೂ ಹೊಡೆದಾಡುತ್ತಾರೆ, ನಾನು ಈಗಲೂ ಉಗುರು ಕತ್ತರಿಸುತ್ತೇನೆ, ಪ್ರಶ್ನೆ ಕೇಳುತ್ತೇನೆ. ಉತ್ತರ ಸಿಗುತ್ತದೆ. ಸಿಕ್ಕ ಉತ್ತರದ ಮುಂದೆ ಹೆಚ್ಚಿನ ಸಲ ಕೈ ಕಟ್ಟಿ ಕುಳಿತಿರುತ್ತೇನೆ.

ಯಾವ ಮಗುವಿನ ಪುಸ್ತಕದಲ್ಲೂ ಆಮೇಲೆ ನಾನು ಮನೆಯವರಿಗೆಂದು ಒಂದು ಸಾಲೂ ಬರೆದಿಲ್ಲ, ಒಳ್ಳೆಯದನ್ನೂ ಬರೆದಿಲ್ಲ. ಆ ಹುಡುಗಿಯ ಬಗ್ಗೆ ಇಷ್ಟು ವರ್ಷಗಳಲ್ಲಿ ಬರೆದದ್ದು ಇದೊಂದೇ. ಎಲ್ಲಿದ್ದಾಳೋ ಗೊತ್ತಿಲ್ಲ. ಇದು ಎಂದಾದರೂ ಅವಳ ಕೈಗೆ ಸಿಕ್ಕಿದರೂ, ನನಗೆ ಓದಲು ಬರುವುದಿಲ್ಲ ಎನ್ನುತ್ತಾಳೆ.